ಊರಿಗೊಂದು ಗಣಕ, ಕೈಗೊಂದು ಕಾರ್ಡು

ಸವದತ್ತಿ ಅಥವಾ ರಾಮದುರ್ಗದ ತಹಶೀಲ್ದಾರರ ಕಚೇರಿಯಲ್ಲಿ ಹೊಲದ ಉತಾರಕ್ಕಾಗಿ ಮನೆಯ ಹಿರಿಯರೊಡನೆ ನೀವೂ ಸರದಿಯಲ್ಲಿ ನಿಂತಿರಬಹುದು. ಮುದ್ರಿತ ಹಾಳೆ ಕೈಗೆ ಬರುತ್ತದೆ. ಅಕ್ಷರ ಬಾರದ ಅಜ್ಜ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು, 'ಏನೈತಿ ಓದಿ ಹೇಳೋ ತಮ್ಮಾ' ಎನ್ನಬೇಕು. ತನ್ನ ಹೊಲ ಎಷ್ಟು, ಅದರ ಮೇಲೆ ಸಾಲ ಎಷ್ಟು ಎಂಬುದಕ್ಕೆ ಓದಿದವರ ಮಾತೇ ಆಧಾರ. ಆ ಹಾಳೆಯಲ್ಲಿರುವುದನ್ನು ಯಂತ್ರವೇ ಕನ್ನಡದಲ್ಲಿ ಹೇಳಿದರೆ?

ಓದುಬರಹ ಬಾರದವರಿಗೂ ಒದಗುವ ಗಣಕವೊಂದನ್ನು ನಮ್ಮ ಬೆಂಗಳೂರಿನಲ್ಲೇ ರೂಪಿಸಿದ್ದರು. ಅದರ ಹೆಸರು ಸಿಂಪ್ಯೂಟರ್. 1998ರಲ್ಲಿ ಮೊಳೆತ ಈ ಯೋಚನೆಯ ಹಿಂದೆ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್ಕೋರ್ ಸಾಫ್ಟ್‌ವೇರ್ ಕಂಪನಿಯ ತಂತ್ರಜ್ಞರಿದ್ದರು. 2001ರಲ್ಲಿ ಅಂಗೈಯಗಲದ ಮಾದರಿ ಹೊರಬಂತು. ಗುರಿಯಿಟ್ಟ ಬೆಲೆ ಸುಮಾರು 9,000 ರೂಪಾಯಿ.

ಬೆಲೆ ಇಳಿಸಿದ್ದು ಹೇಗೆ? ಹಾರ್ಡ್ ಡಿಸ್ಕ್ ಇಲ್ಲ, ಕೀಲಿಮಣೆಯೂ ಇಲ್ಲ. ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು. ಕಡಿಮೆ ವಿದ್ಯುತ್ ಬಳಸುವ ಸ್ಟ್ರಾಂಗ್‌ಆರ್ಮ್ ಚಿಪ್ಪು, ಪರವಾನಗಿ ಶುಲ್ಕವಿಲ್ಲದ ಲಿನಕ್ಸ್. ಆದರೂ ಕೂಲಿಕಾರನಿಗೆ 9,000 ಎಲ್ಲಿಂದ ಬರಬೇಕು? ಅದಕ್ಕೇ ಸ್ಮಾರ್ಟ್ ಕಾರ್ಡಿನ ಏರ್ಪಾಡು. ಯಂತ್ರ ಪಂಚಾಯತಿಯದೋ ಶಾಲೆಯದೋ ಆಗಿರಲಿ, ನಿಮ್ಮ ಮಾಹಿತಿಯ ಕಾರ್ಡು ತೂರಿಸಿದಾಗ ಅದು ನಿಮ್ಮದು, ತೆಗೆದರೆ ಮುಂದಿನವರದು. ನನ್ನ ಮಟ್ಟಿಗೆ ಇಡೀ ಯೋಜನೆಯ ಜಾಣತನ ಇಲ್ಲಿದೆ, ಚಿಪ್ಪಿನಲ್ಲಲ್ಲ.

ಇನ್ನು ಮಾತಿನ ವಿಷಯ. ರಮೇಶ್ ಹರಿಹರನ್ ಬರೆದ ತಂತ್ರಾಂಶದ ಹೆಸರೇ 'ಧ್ವನಿ'. ಇಂಗ್ಲಿಷಿನ 'ಪುಟ್', 'ಬಟ್' ಎಂಬ ಪದಗಳಲ್ಲಿ ನಡುವಿನ ಅಕ್ಷರ ಒಂದೇ, ಉಚ್ಚಾರ ಬೇರೆ. ಕನ್ನಡದಲ್ಲಿ ಬರೆದಂತೆಯೇ ಬಹುಪಾಲು ಓದುತ್ತೇವೆ. ಆದ್ದರಿಂದ ದೊಡ್ಡ ಶಬ್ದಕೋಶ ಬೇಡ. ಮುದ್ರಿಸಿಟ್ಟ ಸಣ್ಣ ಧ್ವನಿತುಣುಕುಗಳನ್ನು ಸಾಲಾಗಿ ಪೋಣಿಸಿದರೆ ಪದವಾಗುತ್ತದೆ. ಪೋಣಿಸಿದ ಕಡೆ ಸ್ವರ ಮುಗ್ಗರಿಸುತ್ತದೆ, ಭಾವವಿರುವುದಿಲ್ಲ. (ಧ್ವನಿ ಕತ್ತರಿಸಿ ಜೋಡಿಸುವ ನಮ್ಮಂಥವರಿಗೆ ಈ ತೊಡಕು ಹಳೆಯದು.) ಆದರೆ ಸಾಲದ ಮೊತ್ತ ತಿಳಿಯಲು ಇಂಪು ಬೇಕಿಲ್ಲವಷ್ಟೆ!

ಇದೇ ವರ್ಷಗಳಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಜಮೀನು ದಾಖಲೆಗಳು ಗಣಕಕ್ಕೆ ಸೇರಿದವು. ಮೊದಲಿಗೆ 15 ರೂಪಾಯಿಗೆ ಉತಾರ ಸಿಗುತ್ತಿದ್ದುದು ತಾಲೂಕು ಕೇಂದ್ರಗಳಲ್ಲಿ. ಕಿತ್ತೂರು ಆಗ ಬೈಲಹೊಂಗಲ ತಾಲೂಕಿನ ಭಾಗ. ಜಮೀನು ದಾಖಲೆಯ ಕೆಲಸಕ್ಕೆ ಸರ್ಕಾರ ಸಿಂಪ್ಯೂಟರನ್ನೂ ಬಳಸಿತು. ಊರಿಗೊಂದರಂತೆ ಅದು ಬರಲಿಲ್ಲ.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ 'ಅಮಿಡಾ' ಎಂಬ ಸಿಂಪ್ಯೂಟರನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಕಪ್ಪು-ಬಿಳುಪಿನದಕ್ಕೆ ಹತ್ತು ಸಾವಿರದ ಆಸುಪಾಸು, ಬಣ್ಣದ್ದಕ್ಕೆ ಸುಮಾರು ಇಮ್ಮಡಿ. ಲಕ್ಷಗಟ್ಟಲೆ ತಯಾರಾದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ತಾನೇ ಲಕ್ಷಗಟ್ಟಲೆ ಮಾರಾಟ! ಈ ಗಂಟು ಬಿಡಿಸಬಲ್ಲ ದೊಡ್ಡ ಸರ್ಕಾರಿ ಖರೀದಿ ನಡೆಯಲಿಲ್ಲ. ಕೆಲವು ಸಾವಿರ ಮಾರುವಷ್ಟರಲ್ಲಿ ಅಗ್ಗದ ಮೊಬೈಲು ಹಳ್ಳಿ ಹೊಕ್ಕಿತು.

'ಧ್ವನಿ' ಮುಕ್ತ ತಂತ್ರಾಂಶವಾಗಿದ್ದರಿಂದ ಉಳಿಯಿತು. ಮಲಯಾಳದಂಥ ಬೇರೆ ಭಾಷೆಗಳಿಗೂ ಅದನ್ನು ಬೆಳೆಸಿದರು. ಇಂದು ಮೊಬೈಲೂ ಕನ್ನಡ ಓದುತ್ತದೆ. ಮನೆಯ ಉತಾರವನ್ನು ಅದರಿಂದ ಓದಿಸಿ ನೋಡಿ. ಹೊಲದ ವಿಸ್ತೀರ್ಣ 4.20 ಎಂದಿದ್ದರೆ ಅದು ದಶಮಾಂಶವಲ್ಲ. ಎಕರೆಗೆ 40 ಗುಂಟೆ, ಹಾಗಾಗಿ ನಾಲ್ಕೂವರೆ ಎಕರೆ. ಮೊಬೈಲು ಏನೆನ್ನುತ್ತದೆ, ಅಜ್ಜನನ್ನೂ ಕೂರಿಸಿಕೊಂಡು ಕೇಳಿ.