ಲ್ಯಾವೆಂಡರ್ ಎಣ್ಣೆ: ಮೂಗಿಗೆ ಹಿತ, ಬಾಯಿಗೆ ಬೇಡ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬೇಗೂರಿನಿಂದ ಮಾತಾಡ್ತಿದ್ದೀನಿ. ನಮ್ಮ ಕಡೆ ಪಿ.ಜಿ.ಗಳು ಜಾಸ್ತಿ, ಎಲೆಕ್ಟ್ರಾನಿಕ್ ಸಿಟಿಗೆ ನೈಟ್ ಶಿಫ್ಟ್ ಹೋಗೋರೂ ಜಾಸ್ತಿ. ಹಾಗಾಗಿ ನಿದ್ದೆ ಬರಲ್ಲ ಅನ್ನೋ ಮಾತು ದಿನಾ ಕಿವಿಗೆ ಬೀಳುತ್ತೆ. ಅದರ ಹಿಂದೆಯೇ ಬರೋ ಸಲಹೆ: ‘ಲ್ಯಾವೆಂಡರ್ ಆಯಿಲ್ ಹಾಕ್ಕೊಂಡು ನೋಡು.’ ನಿದ್ದೆಗೆ ಲ್ಯಾವೆಂಡರ್, ಟೆನ್ಷನ್‌ಗೆ ಲ್ಯಾವೆಂಡರ್, ಸೊಳ್ಳೆಗೆ ಲ್ಯಾವೆಂಡರ್, ಸುಟ್ಟ ಗಾಯಕ್ಕೂ ಲ್ಯಾವೆಂಡರ್. ಇದ್ರಲ್ಲಿ ಎಷ್ಟು ನಿಜ? ಮನೆಯಲ್ಲಿ ಇಟ್ಕೊಂಡ್ರೆ ಹೇಗೆ ಬಳಸಬೇಕು? ಎಲ್ಲಿ ಹುಷಾರಾಗಿರಬೇಕು? ಇವತ್ತು ಇದನ್ನೇ ಬಿಡಿಸಿ ನೋಡೋಣ.

ಹೆಸರಿಗೆ ಎಣ್ಣೆ, ಆದ್ರೆ ಎಣ್ಣೆ ಅಲ್ಲ

ಮೊದಲು ಒಂದು ಗೊಂದಲ ಬಗೆಹರಿಸೋಣ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಇವೆಲ್ಲ ಕೊಬ್ಬು. ಲ್ಯಾವೆಂಡರ್ ಎಣ್ಣೆ ಹಾಗಲ್ಲ. ಹೂವಿನ ಮೂಲಕ ಹಬೆ ಹಾಯಿಸಿ, ಆ ಹಬೆಯನ್ನ ತಣ್ಣಗೆ ಮಾಡಿ, ಮೇಲೆ ತೇಲೋ ಸುಗಂಧದ ಅಂಶವನ್ನ ಬೇರೆ ಮಾಡ್ತಾರೆ. ಅದೇ ಎಸೆನ್ಷಿಯಲ್ ಆಯಿಲ್. ಗಾಳಿಗಿಟ್ಟರೆ ಆವಿಯಾಗಿ ಹೋಗುತ್ತೆ. ಒಂದು ಕಿಲೋ ಎಣ್ಣೆ ತೆಗೆಯೋಕೆ ನೂರು ಕಿಲೋಗಿಂತ ಹೆಚ್ಚು ಹೂವು ಬೇಕಾಗುತ್ತೆ. ಅಂದ್ರೆ ನಿಮ್ಮ ಕೈಲಿರೋ ಪುಟ್ಟ ಬಾಟಲಿಯಲ್ಲಿ ಒಂದು ಚೀಲ ಹೂವಿನ ಸತ್ವ ಹಿಂಡಿ ಕೂತಿದೆ. ಇದು ಹೂವಲ್ಲ, ಹೂವಿನ ಗಟ್ಟಿ ಸಾರ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಮುಂದಿನ ಅರ್ಧ ಮಾತು ತಾನಾಗೇ ಅರ್ಥ ಆಗುತ್ತೆ.

ಇದು ನಮ್ಮ ಬೆಂಗಳೂರಿನ ಗಿಡವೂ ಅಲ್ಲ. ಭಾರತದಲ್ಲಿ ಲ್ಯಾವೆಂಡರ್ ಅಂದ್ರೆ ಜಮ್ಮುವಿನ ದೋಡಾ ಜಿಲ್ಲೆಯ ಭದೇರ್ವಾ. ಸಿಎಸ್‌ಐಆರ್‌ನ ಅರೋಮಾ ಮಿಷನ್ ಮೂಲಕ ಅಲ್ಲಿನ ಮೆಕ್ಕೆಜೋಳದ ರೈತರು ಈ ಬೆಳೆಗೆ ಬಂದ್ರು. ‘ನೇರಳೆ ಕ್ರಾಂತಿ’ ಅಂತ ಸುದ್ದಿಯಲ್ಲಿ ಕೇಳಿರ್ತೀರಲ್ಲ, ಅದು ಇದೇ.

ಮೂಗಿನಲ್ಲಿ ಏನಾಗುತ್ತೆ?

ಲ್ಯಾವೆಂಡರ್ ಎಣ್ಣೆಯಲ್ಲಿ ಮುಖ್ಯವಾಗಿ ಇರೋದು ಎರಡು ವಸ್ತು: ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್. ಜಪಾನಿನ ಕಾಗೊಷಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಲಿನಲೂಲ್ ವಾಸನೆ ತೋರಿಸಿದಾಗ ಇಲಿಗಳ ಆತಂಕ ಕಡಿಮೆ ಆಯ್ತು. ವಾಸನೆ ಗ್ರಹಿಸೋ ಶಕ್ತಿ ಕಳಕೊಂಡ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಅಂದ್ರೆ ಕೆಲಸ ನಡೆದದ್ದು ಮೂಗಿನ ದಾರಿಯಲ್ಲಿ.

ವಾಸನೆಯ ನರಗಳಿಗೆ ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಜಾಗಗಳ ಜೊತೆ ಹತ್ತಿರದ ನಂಟಿದೆ. ಮಲ್ಲಿಗೆ ದಂಡೆಯ ಘಮ ಬಂದ ತಕ್ಷಣ ಯಾವುದೋ ಮದುವೆ ಮನೆ ಕಣ್ಮುಂದೆ ಬರೋದು ಇದರಿಂದಲೇ. ಹಾಗೇ ಇದು ಉಲ್ಟಾನೂ ಹೊಡೆಯುತ್ತೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಲ್ಯಾವೆಂಡರ್ ಅಂದ್ರೆ ನೆಲ ಒರೆಸೋ ಲಿಕ್ವಿಡ್ ನೆನಪು! ಅಂಥವರಿಗೆ ಈ ವಾಸನೆಯಿಂದ ನೆಮ್ಮದಿ ಬರದಿದ್ರೆ ಅದು ಅವರ ತಪ್ಪಲ್ಲ.

ಮನುಷ್ಯರ ಮೇಲಿನ ಪುರಾವೆ ಹೇಗಿದೆ? ವಾಸನೆ ತಗೊಂಡ್ರೆ ಆತಂಕ, ನಿದ್ದೆ ಸ್ವಲ್ಪ ಸುಧಾರಿಸುತ್ತೆ ಅಂತ ಹೇಳೋ ಅಧ್ಯಯನಗಳು ಇವೆ. ಆದ್ರೆ ಹೆಚ್ಚಿನವು ಚಿಕ್ಕವು. ಜೊತೆಗೆ ಒಂದು ತೊಡಕು. ಮಾತ್ರೆಯ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಮಾತ್ರೆ ಕೊಟ್ಟಿದ್ದಾರೆ ಅಂತ ಮುಚ್ಚಿಡಬಹುದು, ಘಮವನ್ನ ಹೇಗೆ ಮುಚ್ಚಿಡ್ತೀರಿ? ಹಾಗಾಗಿ ಎಷ್ಟು ಎಣ್ಣೆಯ ಗುಣ, ಎಷ್ಟು ನಂಬಿಕೆಯ ಗುಣ ಅಂತ ಬೇರೆ ಮಾಡೋದು ಕಷ್ಟ.

ಜರ್ಮನಿಯಲ್ಲಿ ಸೈಲೆಕ್ಸಾನ್ ಅನ್ನೋ ಲ್ಯಾವೆಂಡರ್ ಎಣ್ಣೆಯ 80 ಮಿಲಿಗ್ರಾಂ ಕ್ಯಾಪ್ಸೂಲ್ ಇದೆ. ಆತಂಕದ ಕಾಯಿಲೆಗೆ ಅದರ ಮೇಲೆ ಒಳ್ಳೆಯ ಪ್ರಯೋಗಗಳು ನಡೆದಿವೆ. ಇದನ್ನೇ ಹಿಡ್ಕೊಂಡು ರೀಲ್ಸ್‌ನಲ್ಲಿ ‘ಎರಡು ಹನಿ ನೀರಿಗೆ ಹಾಕಿ ಕುಡಿಯಿರಿ’ ಅಂತಾರೆ. ಅದು ತಪ್ಪು. ಅಲ್ಲಿ ಎಣ್ಣೆಯ ಗುಣಮಟ್ಟ, ಪ್ರಮಾಣ ಎರಡೂ ನಿಗದಿಯಾಗಿವೆ. ನಿಮ್ಮ ಬಾಟಲಿ ಬಂದಿರೋದು ಘಮಕ್ಕೆ, ಹೊಟ್ಟೆಗಲ್ಲ.

ಕೋರಮಂಗಲದಿಂದ ಬಂದ ಎಚ್ಚರಿಕೆ

‘ನ್ಯಾಚುರಲ್ ಅಲ್ವಾ, ಏನಾಗುತ್ತೆ ಬಿಡಿ’ ಅನ್ನೋರಿಗೆ ನಮ್ಮ ಪಕ್ಕದಲ್ಲೇ ಉತ್ತರ ಇದೆ. ಬಿಟಿಎಂ ಲೇಔಟ್ ದಾಟಿದರೆ ಕೋರಮಂಗಲ, ಅಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ. ಅಲ್ಲಿನ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರು ದಕ್ಷಿಣ ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ನಾಲ್ಕು ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯ್ತು. ಫಿಟ್ಸ್ ಬಂದ 350 ವಯಸ್ಕರಲ್ಲಿ 55 ಜನರ ಫಿಟ್ಸ್‌ಗೆ ಎಸೆನ್ಷಿಯಲ್ ಆಯಿಲ್‌ಗಳ ನಂಟು ಕಂಡುಬಂತು. ಅವರಲ್ಲಿ ಕೆಲವರಿಗೆ ಅದಕ್ಕೆ ಮುಂಚೆ ಫಿಟ್ಸ್ ಇರಲೇ ಇಲ್ಲ.

ಇಲ್ಲಿ ಗಮನಿಸಿ, ಆ ಎಣ್ಣೆಗಳು ಲ್ಯಾವೆಂಡರ್ ಅಲ್ಲ. ನಮ್ಮ ಅಜ್ಜಿಯರ ಕಾಲದಿಂದ ಮನೆಯಲ್ಲಿರೋ ನೀಲಗಿರಿ ಎಣ್ಣೆ ಮತ್ತು ಕರ್ಪೂರ.

ಹಾಗಾದ್ರೆ ಲ್ಯಾವೆಂಡರ್‌ಗೆ ಯಾಕೆ ಈ ಕತೆ? ಯಾಕಂದ್ರೆ ಲ್ಯಾವೆಂಡರ್ ಅನ್ನೋ ಹೆಸರಿನಲ್ಲಿ ಮೂರ್ನಾಲ್ಕು ಬೇರೆ ಬೇರೆ ಗಿಡಗಳ ಎಣ್ಣೆ ಮಾರಾಟ ಆಗುತ್ತೆ. ಅಸಲಿ ಲ್ಯಾವೆಂಡರ್‌ನ ಸಸ್ಯಶಾಸ್ತ್ರೀಯ ಹೆಸರು ಲಾವೆಂಡುಲಾ ಅಂಗುಸ್ಟಿಫೋಲಿಯಾ. ಇದರಲ್ಲಿ ಕರ್ಪೂರದ ಅಂಶ ತೀರಾ ಕಡಿಮೆ. ಲಾವಂಡಿನ್ ಅನ್ನೋ ಮಿಶ್ರತಳಿಯಲ್ಲಿ ಅದು ಹೆಚ್ಚು, ಬೆಲೆಯೂ ಅಗ್ಗ. ಸ್ಪೈಕ್ ಲ್ಯಾವೆಂಡರ್‌ನಲ್ಲಿ ಕರ್ಪೂರದ ಜೊತೆಗೆ ನೀಲಗಿರಿ ಎಣ್ಣೆಯ ಮುಖ್ಯ ಅಂಶವೂ ಇರುತ್ತೆ. ಆದ್ದರಿಂದ ಬಾಟಲಿ ತಗೊಳ್ಳೋವಾಗ ಮುಂದಿನ ನೇರಳೆ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ‘ಫ್ರೇಗ್ರೆನ್ಸ್ ಆಯಿಲ್’ ಅಂತಿದ್ರೆ ಅದು ಹೂವಿನ ಎಣ್ಣೆ ಆಗಿರಬೇಕು ಅಂತಿಲ್ಲ, ಪ್ರಯೋಗಾಲಯದಲ್ಲಿ ಮಾಡಿದ ಪರಿಮಳ ಇರಬಹುದು. ಮನೆಯಲ್ಲಿ ಯಾರಿಗಾದ್ರೂ ಫಿಟ್ಸ್ ಇದ್ರೆ ಯಾವ ಎಸೆನ್ಷಿಯಲ್ ಆಯಿಲನ್ನೂ ವೈದ್ಯರನ್ನ ಕೇಳದೆ ತರಬೇಡಿ.

ಮಗು ಇರೋ ಮನೆ

ಹುಳಿಮಾವಿನಲ್ಲಿರೋ ನಮ್ಮಕ್ಕನ ಮನೆಯಲ್ಲಿ ನಾಲ್ಕು ತಿಂಗಳ ಪಾಪು. ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ ಹಾಕಬೇಕು, ನೆಗಡಿಯಾದ್ರೆ ಎದೆಗೆ ಒಂದು ತೊಟ್ಟು ನೀಲಗಿರಿ ಎಣ್ಣೆ ಸವರಬೇಕು ಅನ್ನೋದು ಅಕ್ಕನ ಅತ್ತೆಯ ವಾದ. ‘ನಾನೂ ಮೂರು ಮಕ್ಕಳನ್ನ ಬೆಳೆಸಿದ್ದೀನಿ ಕಣಮ್ಮ’ ಅಂತಾರೆ. ಅಕ್ಕ ‘ಅದೆಲ್ಲ ಬೇಡ ಅತ್ತೆ’ ಅಂತ ಹೇಳಿ, ಲ್ಯಾವೆಂಡರ್ ಡಿಫ್ಯೂಸರ್ ತರೋಕೆ ಹೊರಟಿದ್ಲು. ಮಕ್ಕಳ ಡಾಕ್ಟರ್ ಹತ್ರ ಇಬ್ಬರೂ ಒಟ್ಟಿಗೇ ಹೋದ್ರು. ಅವರು ಮೂರಕ್ಕೂ ಬೇಡ ಅಂದ್ರು. ಹೊಗೆ ಎಳೆಯ ಶ್ವಾಸಕೋಶಕ್ಕೆ ತೊಂದರೆ, ನೀಲಗಿರಿ ಮತ್ತು ಕರ್ಪೂರ ಮಗುವಿನ ನರಗಳಿಗೆ ಅಪಾಯ, ಡಿಫ್ಯೂಸರ್‌ನಿಂದ ಮಗುವಿಗೆ ಲಾಭವೇನೂ ಇಲ್ಲ. ಬರೀ ಕೊಬ್ಬರಿ ಎಣ್ಣೆಯ ಮಾಲೀಶು, ಬಿಸಿನೀರು, ಅಜ್ಜಿಯ ಮಡಿಲು ಸಾಕು ಅಂದ್ರಂತೆ. ಕೊನೆಯ ಮಾತಿಗೆ ಅತ್ತೆಯೂ ಒಪ್ಪಿದ್ರು.

ನನಗೆ ಅಲ್ಲಿ ಕಂಡದ್ದು ಇದು: ಹಳೇದು ಅಂತ ಒಳ್ಳೆಯದಲ್ಲ, ಹೊಸ ಬಾಟಲಿಯಲ್ಲಿ ಬಂತು ಅಂತಲೂ ಒಳ್ಳೆಯದಲ್ಲ. ಅತ್ತೆ–ಸೊಸೆ ಇಬ್ಬರೂ ಬಯಸಿದ್ದು ಪಾಪು ನೆಮ್ಮದಿಯಾಗಿ ಮಲಗಲಿ ಅಂತ. ಅದಕ್ಕೆ ಯಾವ ಹನಿಯೂ ಬೇಕಿರಲಿಲ್ಲ.

ಎರಡು ವರ್ಷದೊಳಗಿನ ಮಕ್ಕಳಿರೋ ಕೋಣೆಯಲ್ಲಿ ಇದು ಬೇಡ. ಗರ್ಭಿಣಿಯರು ವೈದ್ಯರನ್ನ ಕೇಳಿ ಮುಂದುವರಿಯಲಿ. ಬೆಕ್ಕು ಸಾಕಿದ್ರೆ ಇನ್ನೂ ಹುಷಾರು. ಇಂಥ ವಸ್ತುಗಳನ್ನ ಒಡೆದು ಹೊರಹಾಕೋ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ.

ಸರಿಯಾಗಿ ಬಳಸೋದು ಹೇಗೆ?

ವಾಸನೆಗೆ: ಹತ್ತಿ ಉಂಡೆಗೆ ಎರಡು ಹನಿ ಹಾಕಿ, ದಿಂಬಿನಿಂದ ಒಂದು ಅಡಿ ದೂರ ಇಡಿ. ನಾನು ಮಾಡೋದು ಇಷ್ಟೇ, ಮಲಗೋಕೆ ಇಪ್ಪತ್ತು ನಿಮಿಷ ಮೊದಲು, ಫೋನನ್ನ ಹಾಲ್‌ನಲ್ಲಿ ಚಾರ್ಜಿಗೆ ಹಾಕಿದ ಮೇಲೆ. ನಿಜ ಹೇಳ್ಬೇಕಂದ್ರೆ ನಿದ್ದೆ ತರೋದು ಆ ಎರಡು ಹನಿಯೋ ಫೋನಿನ ದೂರವೋ ನನಗೆ ಗೊತ್ತಿಲ್ಲ, ಎರಡನ್ನೂ ಬಿಟ್ಟಿಲ್ಲ. ಸ್ವಲ್ಪ ಹೊತ್ತಿಗೆ ವಾಸನೆ ಹೋಯ್ತು ಅನ್ಸುತ್ತೆ. ಹೋಗಿರಲ್ಲ, ಮೂಗು ಒಗ್ಗಿರುತ್ತೆ ಅಷ್ಟೇ. ಮತ್ತೆ ಮತ್ತೆ ಹನಿ ಹಾಕಬೇಡಿ, ತಲೆನೋವು ಬರುತ್ತೆ. ಕಿಟಕಿ ಸ್ವಲ್ಪ ತೆರೆದಿರಲಿ. ಪಿ.ಜಿ. ರೂಮಾದ್ರೆ ಜೊತೆಗಿರೋರನ್ನ ಕೇಳಿ. ಅವರಿಗೆ ಅಸ್ತಮಾ ಇದ್ರೆ ನಿಮ್ಮ ನೆಮ್ಮದಿ ಅವರ ಉಬ್ಬಸ ಆಗಬಾರದು.

ಚರ್ಮಕ್ಕೆ: ನೇರವಾಗಿ ಹಚ್ಚಲೇಬೇಡಿ. 10 ಎಂಎಲ್ ಕೊಬ್ಬರಿ ಎಣ್ಣೆಗೆ, ಅಂದ್ರೆ ಎರಡು ಟೀ ಚಮಚಕ್ಕೆ, ಎರಡು ಹನಿ ಸಾಕು. ಮೊದಲು ಮೊಣಕೈ ಒಳಭಾಗದಲ್ಲಿ ಹಚ್ಚಿ ಒಂದು ದಿನ ಕಾಯಿರಿ. ಕೆಂಪಾದ್ರೆ, ತುರಿಸಿದ್ರೆ ಅಲ್ಲಿಗೇ ಬಿಡಿ. ಸ್ನಾನದ ಬಕೆಟ್ಟಿಗೆ ಹಾಕಬೇಡಿ. ನೀರಲ್ಲಿ ಕರಗದೆ ತೇಲಿ, ಮೊದಲ ಚೊಂಬಿನಲ್ಲೇ ಮೈಗೆ ಅಂಟುತ್ತೆ.

ಬಾಟಲಿ: ಗಾಳಿ ಸೋಕಿ ಹಳೆಯದಾದ ಲಿನಲೂಲ್ ಅಲರ್ಜಿ ತರಬಲ್ಲದು. ಮುಚ್ಚಳ ಬಿಗಿಯಾಗಿರಲಿ, ತಂಪು–ಕತ್ತಲೆ ಜಾಗದಲ್ಲಿರಲಿ, ಮಕ್ಕಳ ಕೈಗೆ ಸಿಗದಿರಲಿ. ಬೆಂಕಿ ಹತ್ತೋ ವಸ್ತು, ದೇವರ ದೀಪದ ಪಕ್ಕ ಇಡಬೇಡಿ. ಮಗು ಕುಡಿದುಬಿಟ್ರೆ ವಾಂತಿ ಮಾಡಿಸೋಕೆ ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ, ಇಲ್ಲ 108ಕ್ಕೆ ಫೋನ್ ಮಾಡಿ.

ಇದಕ್ಕೆಲ್ಲ ನೆಚ್ಚಿಕೊಳ್ಳಬೇಡಿ

ಸೊಳ್ಳೆಗೆ: ಲ್ಯಾವೆಂಡರ್ ಸ್ವಲ್ಪ ಹೊತ್ತು ದೂರ ಇಡಬಹುದು, ಆಮೇಲೆ ಆವಿಯಾಗಿ ಹೋಗುತ್ತೆ. ಮಳೆಗಾಲದ ಡೆಂಗಿ ಹೊತ್ತಲ್ಲಿ ಸೊಳ್ಳೆ ಪರದೆ, ಪರೀಕ್ಷೆಯಾದ ರಿಪೆಲ್ಲೆಂಟ್, ಮನೆ ಸುತ್ತ ನೀರು ನಿಲ್ಲದಂತೆ ನೋಡೋದು ಇವೇ ಕಾಪಾಡೋದು.

ಸುಟ್ಟ ಗಾಯಕ್ಕೆ: ‘ಅರೋಮಾಥೆರಪಿ’ ಅನ್ನೋ ಪದ ಕೊಟ್ಟ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಾಟ್‌ಫೊಸೆ ಕೈ ಸುಟ್ಟುಕೊಂಡು ಲ್ಯಾವೆಂಡರ್‌ನಿಂದ ವಾಸಿಮಾಡಿಕೊಂಡ ಕತೆ ಎಲ್ಲ ಕಡೆ ಓಡಾಡುತ್ತೆ. ನೀವು ಮಾತ್ರ ಒಲೆ ಹತ್ರ ಕೈ ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀರಿ. ಎಣ್ಣೆ ಬೇಡ, ಟೂತ್‌ಪೇಸ್ಟೂ ಬೇಡ.

ಕೊನೆಯದಾಗಿ ನಿದ್ದೆ. ಪರೀಕ್ಷೆ ಹಿಂದಿನ ದಿನವೋ ಶಿಫ್ಟ್ ಬದಲಾದಾಗಲೋ ನಿದ್ದೆ ತಪ್ಪೋದು ಸಹಜ, ಅಂಥ ರಾತ್ರಿಗೆ ಒಂದು ಹಿತವಾದ ಘಮ ಜೊತೆಯಾಗಬಹುದು. ಆದ್ರೆ ವಾರಕ್ಕೆ ಮೂರು ರಾತ್ರಿಯಾದ್ರೂ ನಿದ್ದೆ ಬರ್ತಿಲ್ಲ, ಹೀಗೇ ಮೂರು ತಿಂಗಳಾಯ್ತು ಅಂದ್ರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. ಮಾತು ಮತ್ತು ಅಭ್ಯಾಸಗಳ ಮೂಲಕ ನಿದ್ದೆ ಸರಿಪಡಿಸೋ ಸಿಬಿಟಿ ಅನ್ನೋ ವಿಧಾನವನ್ನೇ ವೈದ್ಯರು ಮೊದಲು ಸೂಚಿಸ್ತಾರೆ. ಮನಸ್ಸು ಭಾರ ಆಗಿ, ಬದುಕೇ ಸಾಕು ಅನ್ಸಿ ನಿದ್ದೆ ಹೋಗಿದ್ರಂತೂ ಬೆಳಗಾಗೋ ತನಕ ಕಾಯಬೇಡಿ. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಅದರ ಮುಖ್ಯ ಕೇಂದ್ರ ಹೊಸೂರು ರಸ್ತೆಯ ನಮ್ಮ ನಿಮ್ಹಾನ್ಸ್. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈ ನಂಬರನ್ನ ಈಗಲೇ ಸೇವ್ ಮಾಡ್ಕೊಳ್ಳಿ, ನಿದ್ದೆ ಇಲ್ಲದೆ ಒದ್ದಾಡ್ತಿರೋ ಗೆಳೆಯರಿಗೂ ಕಳಿಸಿ.