ಹುಲ್ಲಲ್ಲದ ಹುಲ್ಲಿನ ಮೇಲೆ ಫುಟ್‌ಬಾಲ್

ನಿಮಗಿದು ಗೊತ್ತೆ? ದೊಡ್ಡ ಕ್ರೀಡಾಂಗಣಗಳಿಗಿಂತ ಮೊದಲೇ ಕೃತಕ ಹುಲ್ಲುಹಾಸು ಕಂಡದ್ದು ಒಂದು ಶಾಲೆ! 1964ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಮೋಸಸ್ ಬ್ರೌನ್ ಶಾಲೆಯಲ್ಲಿ ಅದನ್ನು ಹಾಸಲಾಯಿತು. ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಕ್ರೀಡಾಂಗಣಕ್ಕೆ ಬಂದದ್ದು 1966ರಲ್ಲಿ. ಆಸ್ಟ್ರೋಟರ್ಫ್ ಎಂಬ ಹೆಸರು ಅಂಟಿಕೊಂಡದ್ದೂ ಅಲ್ಲಿಂದಲೇ.

ಈಗ ಅಮೆರಿಕದ ಎಷ್ಟೋ ಹೈಸ್ಕೂಲುಗಳ ಅಮೆರಿಕನ್ ಫುಟ್‌ಬಾಲ್ ನಡೆಯುವುದು ಇದರ ಮೇಲೆಯೇ. ಮಳೆ ಬಂದರೂ ಕೆಸರಿಲ್ಲ, ಓಟಕ್ಕೆ ಒಳ್ಳೆ ಹಿಡಿತ. ತೊಡಕಿರುವುದೂ ಆ ಹಿಡಿತದಲ್ಲೇ ಅನ್ನಿ. ಆಟಗಾರ ಗಕ್ಕನೆ ತಿರುಗಿದಾಗ ನಿಜವಾದ ಹುಲ್ಲು ಮಣ್ಣುಸಮೇತ ಕಿತ್ತುಬಂದು ಬೂಟನ್ನು ಬಿಟ್ಟುಕೊಡುತ್ತದೆ. ಕೃತಕ ಹಾಸು ಅಷ್ಟು ಸುಲಭವಾಗಿ ಬಿಡದು, ಭಾರವೆಲ್ಲ ಮಂಡಿ, ಪಾದದ ಗಂಟಿನ ಮೇಲೆ. ಇನ್ನು, ಎಳೆಗಳ ನಡುವೆ ತುಂಬುವ ಕರಿ ಹರಳು ಬಹುಪಾಲು ಹಳೇ ಟೈರಿನ ಚೂರು. ಬಿರುಬಿಸಿಲಿನಲ್ಲಿ ಈ ಮೈದಾನದ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದೂ ಉಂಟು.