ಹೊಲದ ಮಣ್ಣು, ಅಣೆಕಟ್ಟಿನ ಹೂಳು

ತುಂಗಭದ್ರಾ ಜಲಾಶಯವು 1953ರಲ್ಲಿ ನೀರು ಹಿಡಿದು ನಿಂತಾಗ ಅದರ ಒಡಲಲ್ಲಿ ಸುಮಾರು 133 ಟಿ.ಎಂ.ಸಿ. ಅಡಿ ನೀರಿಗೆ ಎಡೆಯಿತ್ತು. ಈಚಿನ ಅಳತೆಗಳ ಪ್ರಕಾರ ಅದು 105ರ ಆಸುಪಾಸಿಗೆ ಇಳಿದಿದೆ. ಉಳಿದ ಎಡೆಯನ್ನು ಹೂಳು ಆಕ್ರಮಿಸಿದೆ. ಹೂಳೆಂದು ನಾವು ತಾತ್ಸಾರದಿಂದ ಕರೆಯುವ ಈ ವಸ್ತು ಒಂದು ಕಾಲಕ್ಕೆ ಯಾರದೋ ಹೊಲದ ಮೇಲ್ಮಣ್ಣಾಗಿತ್ತೆಂಬುದು ಎಷ್ಟು ಜನಕ್ಕೆ ಹೊಳೆಯುತ್ತದೆಯೋ ಕಾಣೆ.

ಅದರಲ್ಲಿ ಗಣಿಗಳ ಮಣ್ಣೂ ಉಂಟು, ಮರ ಕಳೆದುಕೊಂಡ ಗುಡ್ಡಗಳ ಮಣ್ಣೂ ಉಂಟು. ಆದರೆ ಗಣಿಯನ್ನು ದೂರಿದಷ್ಟು ಸುಲಭವಾಗಿ ನಾವು ನೇಗಿಲನ್ನು ದೂರುವುದಿಲ್ಲ. ಹಿನ್ನೀರಿನ ಮೇಲ್ಗಡೆಯಿರುವ ಮುಂಡರಗಿ ಸೀಮೆಯ ಎರೆ ಹೊಲಗಳನ್ನೇ ನೋಡಿ. ಹಿಂಗಾರಿ ಜೋಳ, ಕಡಲೆಗಳನ್ನು ನೆಚ್ಚಿದ ರೈತನು ಮುಂಗಾರಿನ ತಿಂಗಳುಗಳಲ್ಲಿ ಹೊಲವನ್ನು ಹರಗಿ ಬರಿದಾಗಿ ಬಿಡುತ್ತಾನೆ. ಬಿದ್ದ ಮಳೆಯ ತೇವ ನೆಲದಲ್ಲಿ ಉಳಿಯಲಿ ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪೆನ್ನುವಂತಿಲ್ಲ. ಆದರೆ ಎರೆಯ ಗುಣವೇ ಬೇರೆ. ಒಣಗಿದಾಗ ಬಾಯಿಬಿಡುವ ಈ ನೆಲ, ನೆನೆದಾಗ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಳ್ಳುತ್ತದೆ. ದಪ್ಪ ಹನಿಗಳ ಏಟಿಗೆ ಹೆಂಟೆಗಳು ಒಡೆದು, ನುಣ್ಣನೆಯ ಕಣಗಳು ಮೇಲ್ಮೈಯ ರಂಧ್ರಗಳನ್ನು ಮೆತ್ತಿಬಿಡುತ್ತವೆ. ಒಳಗಿಳಿಯಲು ದಾರಿ ಕಾಣದ ನೀರು ಇಳಿಜಾರು ಹಿಡಿಯುತ್ತದೆ. ಹುಬ್ಬೆ, ಉತ್ತರೆಗಳ ಬಿರುಮಳೆಗೆ ಹೊಲದ ಮೈಮೇಲೆ ಒಂದು ಎಲೆಯ ಮರೆಯೂ ಇರುವುದಿಲ್ಲ.

ಕೊರಕಲು ಕಣ್ಣಿಗೆ ಬೀಳುತ್ತದೆ. ಪದರಪದರವಾಗಿ ಹೋಗುವ ಮಣ್ಣು ಕಣ್ಣಿಗೆ ಬೀಳದು. ಒಂದು ಎಕರೆಯಿಂದ ಒಂದು ಮಿಲಿಮೀಟರ್ ದಪ್ಪದ, ಎಂದರೆ ಜೋಳದ ಕಾಳಿಗಿಂತಲೂ ತೆಳುವಾದ ಪದರ ಹೋಯಿತೆಂದರೆ ಸುಮಾರು 5 ಟನ್ ಮಣ್ಣು ಹೋಯಿತೆಂದು ಅರ್ಥ. ಅದೂ ಸಾರವೆಲ್ಲ ತುಂಬಿದ ಮಣ್ಣು. ಇಳುವರಿ ತಗ್ಗಿದಾಗ ರೈತನು ಮಳೆಯನ್ನೋ ಬೀಜವನ್ನೋ ಶಪಿಸಿ, ಚೀಲದ ಗೊಬ್ಬರಕ್ಕಾಗಿ ಸಾಲ ಮಾಡುತ್ತಾನೆ.

ಉಪಾಯಗಳು ಹೊಸವಲ್ಲ. ಮಣ್ಣಿನ ಸಂರಕ್ಷಣೆಗೆಂದೇ ಬಳ್ಳಾರಿಯಲ್ಲಿ 1954ರಲ್ಲಿ ಸಂಶೋಧನ ಕೇಂದ್ರವೊಂದು ನೆಲೆಗೊಂಡಿತು. ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು, ಒಡ್ಡು ಹಾಕುವುದು, ಹೆಚ್ಚಿನ ನೀರಿಗೆ ಕಲ್ಲಿನ ಕೋಡಿ ಕಟ್ಟುವುದು ಊರ ಹಿರಿಯರಿಗೂ ತಿಳಿದಿದ್ದವೇ. ತೊಡಕಿರುವುದು ವಿದ್ಯೆಯಲ್ಲಲ್ಲ, ವೆಚ್ಚದಲ್ಲಿ. ಎರೆಯ ಒಡ್ಡು ಬೇಸಗೆಯಲ್ಲಿ ಬಿರಿದು ಮಳೆಯಲ್ಲಿ ಒಡೆಯುತ್ತದೆ. ವರ್ಷವರ್ಷವೂ ದುರಸ್ತಿ ಬೇಡುತ್ತದೆ. ಮೂರು ಎಕರೆಯ ಒಡೆಯನು ಅದಕ್ಕಾಗಿ ಒಂದು ಪಟ್ಟಿ ನೆಲವನ್ನೂ ಬಿಟ್ಟುಕೊಡಬೇಕು. ಅವನು ತಡೆದ ಮಣ್ಣಿನ ಲಾಭದಲ್ಲಿ ಒಂದು ಪಾಲು ದೂರದ ಮಾನ್ವಿಯಲ್ಲಿ, ಕಾಲುವೆಯ ಕೊನೆಯಲ್ಲಿ, ಭತ್ತ ಬೆಳೆಯುವವನಿಗೆ ಸಲ್ಲುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

ಹೂಳಿನಿಂದಾದ ನಷ್ಟ ತುಂಬಲು ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ಬಂದು ವರ್ಷಗಳೇ ಆದವು. ಅಂಥ ವೆಚ್ಚದ ಒಂದಂಶವಾದರೂ ಮುಂಡರಗಿಯಂಥ ಮೇಲಿನ ಸೀಮೆಗಳಿಗೆ, ಒಡ್ಡುಗಳ ದುರಸ್ತಿಗೆಂದು, ಪ್ರತಿ ಬೇಸಗೆಯಲ್ಲಿ ಮಳೆಗೆ ಮುನ್ನ ತಲುಪಬೇಕೆಂಬುದು ನನ್ನ ಮತ.